ಒಂದು ಮುಷ್ಟಿ ಅಡಿಕೆಯ ಸದ್ದು

ಚನ್ನಗಿರಿ
2-9-2024

ಚಿ. ರಮ್ಯಶ್ರೀಗೆ ನಿನ್ನ ಅಪ್ಪ ಮುರುಗೇಶಪ್ಪ ಮಾಡುವ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅಮ್ಮ ಇಬ್ಬರೂ ಚೆನ್ನಾಗಿದ್ದೇವೆ. ನೀನು ಕಳಿಸಿದ ಸಾಮಾನುಗಳು ಮಾತ್ರ ಚೆನ್ನಾಗಿಲ್ಲ.

ಬಸ್ಸಿನವನ ಕೈಲಿ ಕಳಿಸಿದ ಡಬ್ಬಿ ಬಂತು. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ, ಕೊನೆಗೆ ಹುಣಸೆ ಬೀಜದಷ್ಟು ಒಂದು ಕಿವಿ ಮೆಶೀನು. ಕಿವಿಗಿಟ್ಟುಕೊಂಡರೆ ಯಾವಳೋ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಪಕ್ಕದ ಮನೆ ನೇತ್ರಾವತಿ ಡಬ್ಬಿ ಮೇಲಿನದನ್ನು ಓದಿ, “ಇದನ್ನ ಫೋನಿಗೆ ಜೋಡಿಸ್ಬೇಕಂತೆ ದೊಡ್ಡಪ್ಪಾರೆ” ಅಂದಳು. ಜೋಡಿಸಲು ಹೋದರೆ ಫೋನು ಹಳೇದು, ಆಗುವುದಿಲ್ಲ ಅಂತು. ಅದನ್ನು ಹೋದ ವರ್ಷದ ಯುಗಾದಿಗೆ “ಲೇಟೆಸ್ಟು ಅಪ್ಪಾಜಿ” ಅಂತ ಕೊಟ್ಟವಳು ನೀನೇ. ಆಮೇಲೆ ಹೊಸ ಫೋನು ಕಳಿಸಿದೆ. ಅದರ ಡಬ್ಬಿಯಲ್ಲಿ ಚಾರ್ಜರೇ ಇಲ್ಲ. ಈಗ ಕಂಪನಿಯವರು ಕೊಡುವುದಿಲ್ಲವಂತೆ. ಎತ್ತು ಮಾರಿ ಮೂಗುದಾರ ತಾವೇ ಇಟ್ಟುಕೊಳ್ಳುವ ವ್ಯಾಪಾರವನ್ನು ನಾನು ಯಾವ ಸಂತೆಯಲ್ಲೂ ಕಂಡಿಲ್ಲ. ಲಂಗೋಟಿಗೆ ಇಲಿ ಬಂತು ಅಂತ ಬೆಕ್ಕು ಸಾಕಿ, ಬೆಕ್ಕಿಗೆ ಹಾಲು ಬೇಕು ಅಂತ ಹಸು ಕಟ್ಟಿದ ಸನ್ಯಾಸಿಯ ಕಥೆ ಆಗಿದೆ ನನ್ನದು.

ಫೋನಿನಲ್ಲಿ ಮಾತಾಡಿದರೆ ನನಗೆ ಕೇಳಿಸುವುದಿಲ್ಲ. ಟೈಪ್ ಮಾಡಿದರೆ ನಾನು ಬರೆದದ್ದನ್ನು ಅದೇ ತಿದ್ದುತ್ತದೆ. ಆದ್ದರಿಂದ ಪೋಸ್ಟಾಫೀಸಿಗೆ ಹೋಗಿ ಹತ್ತು ಇನ್‌ಲ್ಯಾಂಡ್ ಲೆಟರ್ ತಂದಿಟ್ಟಿದ್ದೇನೆ. ಇದಕ್ಕೆ ಚಾರ್ಜು ಬೇಕಿಲ್ಲ. ನೀನೂ ಕಾಗದದಲ್ಲೇ ಬರೆ, ಮೊಬೈಲಿಗೆ ಬಂದದ್ದನ್ನು ನಾನು ಓದುವುದಿಲ್ಲ.

ನನ್ನ ಕೆಲಸ ಏನು ಅಂತ ನೀನು ಮರೆತಂತಿದೆ. ಮೂವತ್ತೊಂದು ವರ್ಷದಿಂದ ಗುರುಬಸವರಾಜ್ ಸಾಹುಕಾರ್ರ ಮಂಡಿಯಲ್ಲಿ ಅಡಿಕೆ ಒಣಗಿದೆಯೋ ಇಲ್ಲವೋ ಅಂತ ಹೇಳುವವನು ನಾನು. ಬೇಯಿಸಿದ ಅಡಿಕೆ ಕಣದಲ್ಲಿ ಆರೇಳು ಬಿಸಿಲು ಕಂಡ ಮೇಲೆ ಒಂದು ಮುಷ್ಟಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ಕಣಕಣ ಅಂದರೆ ಚೀಲಕ್ಕೆ. ಸದ್ದು ಮಂಕಾಗಿದ್ದರೆ ಹಸಿ, ವಾಪಸ್ ಕಣಕ್ಕೆ. ಹಸಿ ಅಡಿಕೆ ಚೀಲ ಸೇರಿದರೆ ಲಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ತೇವ ಅಳೆಯುವ ಮೀಟರು ಒಂದನ್ನು ಸಾಹುಕಾರ್ರು ಎಂದೋ ತಂದಿದ್ದರು, ಅದು ಡ್ರಾಯರಿನಲ್ಲಿ ಮಲಗಿದೆ. ಇವತ್ತಿಗೂ ನಾನು ಹೂಂ ಅಂದರೇನೇ ಚೀಲ ಹೊಲಿಯುವುದು. ನನ್ನ ಕಿವಿ ಹೋದರೆ ಆ ಮಂಡಿಯಲ್ಲಿ ನನಗೆ ಕೂರುವ ಜಾಗವಿಲ್ಲ.

ಹಳೇ ಮೆಶೀನು ಆಗಾಗ ಕುಂಯ್ ಅನ್ನುತ್ತಿತ್ತು, ನಿಜ. ಆದರೆ ಅದರಲ್ಲಿ ಅಡಿಕೆ ಕೇಳಿಸುತ್ತಿತ್ತು. ಹೊಸದು ಕಳಿಸುತ್ತೇನೆ ಅಂತ ಅದನ್ನು ಕಿತ್ತುಕೊಂಡು ಹೋದೆಯಲ್ಲ, ತಿರುಗಿ ಕಳಿಸು.

ಇಂತಿ ನಿನ್ನ ಅಪ್ಪ,
ಮುರುಗೇಶಪ್ಪ


ಹೊನ್ನಾಳಿ
9-9-2024

ಅಪ್ಪಾಜಿಗೆ ನಮಸ್ಕಾರಗಳು.

ಕಾಗದ ಬರೆದು ಎಷ್ಟು ವರ್ಷ ಆಯಿತೋ, ನಾಲ್ಕು ಸಾಲಿಗೇ ಕೈ ನೋಯುತ್ತಿದೆ. ಅಕ್ಷರ ನೋಡಿ ನಗಬೇಡಿ.

ನಿಮಗೆ ಸಿಟ್ಟು ಬಂದಿರುವುದು ಅರ್ಥವಾಗುತ್ತದೆ. ನನಗೇನು ಕಡಿಮೆ ಸಿಟ್ಟಿದೆಯಾ? ಮೊಬೈಲ್ ಅಂಗಡಿ ಇಟ್ಟವರ ಪಾಡು ಒಂದು ದಿನ ಇಲ್ಲಿ ಬಂದು ಕೂತು ನೋಡಿ. ಒಂದು ಮಾಡೆಲ್ಲನ್ನು ಶೋಕೇಸಿನಲ್ಲಿಟ್ಟು ಗಾಜು ಒರೆಸುವಷ್ಟರಲ್ಲಿ ಅದು ಹಳೇದಾಗಿರುತ್ತದೆ. ಡೈರಿಯ ಸುದೀಪ್ ದಿನಾ ಬರುತ್ತಾನೆ. “ಅಕ್ಕಾ, ಅದು ಲಾಂಚ್ ಆತಲ್ಲ, ಬಂತಾ? ಇನ್ನೂ ಇಲ್ಲಾ? ದಾವಣಗೆರ್ಯಾಗೆ ಬಂದೈತಂತೆ” ಅನ್ನುತ್ತಾನೆ. ಇಷ್ಟು ಕೇಳಿ ಕೊನೆಗೆ ಕೊಳ್ಳುವುದು ಒಂದು ಸ್ಕ್ರೀನ್ ಗಾರ್ಡು. ಆದರೂ ನಾನು ಎಲ್ಲವನ್ನೂ ತಿಳಿದುಕೊಂಡಿರಬೇಕು, ಒಂದು ವಾರ ಹಿಂದೆ ಬಿದ್ದರೆ ಜನ ಈ ಕಡೆ ತಲೆ ಹಾಕುವುದಿಲ್ಲ.

ಹೊಸ ಮೆಶೀನಿನ ಬಗ್ಗೆ ಹೆದರಬೇಡಿ. ನೀವು ಏನೂ ಮುಟ್ಟುವುದು ಬೇಡ. ಸೆಟ್ಟಿಂಗ್ ಎಲ್ಲ ನಾನು ಇಲ್ಲಿಂದಲೇ ನನ್ನ ಫೋನಿನಲ್ಲಿ ಮಾಡುತ್ತೇನೆ. ನೀವು ಬೆಳಿಗ್ಗೆ ಹಾಕಿಕೊಳ್ಳಿ, ಮಲಗುವಾಗ ತೆಗೆದು ಡಬ್ಬಿಯಲ್ಲಿಡಿ, ಅಷ್ಟೇ.

ಹಳೇದು ನಮ್ಮ ಕೈಲಿಲ್ಲ. ನಿಮ್ಮ ಅಳಿಯಂದಿರ ಅಜ್ಜಿ ಜಗಳೂರಿನ ಅಜ್ಜಮ್ಮನಿಗೆ ಕೊಟ್ಟೆವು. ಹತ್ತು ವರ್ಷದ ಮೇಲೆ ಕೋಳಿ ಕೂಗಿದ್ದು ಕೇಳಿಸಿತು ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಚಾರ್ಜು ಹಾಕುತ್ತೇವೆ ಕೊಡು ಅಂದರೂ ಕೈ ಮೇಲೆ ಹೊಡೆಯುತ್ತಾಳೆ. ಅದಕ್ಕೆ ಚಾರ್ಜು ಬೇಡ, ಶೆಲ್ಲು ಅಂತ ನಮಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಈಗ ಹೆಂಗೆ ಕೇಳಲಿ ಹೇಳಿ.

ನಿಮ್ಮ ಮಗಳು,
ರಮ್ಯಶ್ರೀ


ಚನ್ನಗಿರಿ
27-9-2024

ಚಿ. ರಮ್ಯಶ್ರೀಗೆ ಆಶೀರ್ವಾದ.

ಸುಳ್ಳು ಹೇಳಬಾರದು, ಕೇಳಿಸುತ್ತಿದೆ. ನಿನ್ನ ಅಮ್ಮ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನನ್ನ ಬಗ್ಗೆ ಇಷ್ಟೆಲ್ಲ ಮಾತಾಡುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೆಲವಕ್ಕೆ ನಾನು ಉತ್ತರ ಕೊಟ್ಟೆ. ನಿನ್ನ ಮಾತೃಶ್ರೀ ನಿರ್ಮಲಮ್ಮನವರು ಎರಡು ದಿನ ಮಾತು ಬಿಟ್ಟಿದ್ದರು.

ಮಂಡಿಯಲ್ಲೂ ತೊಂದರೆಯಿಲ್ಲ. ಲಾರಿಯ ಹಾರನ್ನು ಎದೆಗೇ ಹೊಡೆಯುತ್ತದೆ, ಆದರೆ ಅಡಿಕೆಯ ಕಣಕಣ ಚೆನ್ನಾಗಿ ಸಿಗುತ್ತದೆ. ಕಣ ನೋಡಿಕೊಳ್ಳುವ ಸಾವಂತ್ರಮ್ಮ ನಿನಗೆ ನೆನಪಿರಬೇಕು, ತ್ಯಾವಣಿಗೆಯವಳು. ನೀನು ಶಾಲೆಗೆ ಹೋಗುವಾಗ ಸೆರಗಿನಿಂದ ಬೆಲ್ಲ ತೆಗೆದು ಕೊಡುತ್ತಿದ್ದಳಲ್ಲ. ಅವಳು ನನ್ನನ್ನು ನೋಡಿ, “ಮುರುಗೇಶಣ್ಣ, ಕಿವ್ಯಾಗೆ ಹುಣಸೆ ಬೀಜ ಇಟ್ಕಂಡೀರಲ್ಲ, ಮಳೆಗಾಲ, ಮೊಳಕೆ ಬಂದೀತು ನೋಡ್ಕಳ್ರಿ” ಅಂದಳು. ಕಣದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಇಪ್ಪತ್ತು ವರ್ಷದಲ್ಲಿ ಅವಳು ಒಣಗಿಸಿದ ಅಡಿಕೆಯನ್ನು ನಾನು ವಾಪಸ್ ಕಳಿಸಿದ್ದು ಎರಡೋ ಮೂರೋ ಸಲ ಇರಬಹುದು. ಅವಳಂಥ ಕೆಲಸದವರು ಈಗ ಸಿಗುವುದಿಲ್ಲ.

ಅಜ್ಜಮ್ಮನ ಹತ್ತಿರ ಹಳೇದು ಇರಲಿ ಬಿಡು, ಕೋಳಿ ಕೇಳಿಕೊಂಡಿರಲಿ. ಆದರೆ ಒಂದು ಮಾತು. ಈಗ ಹೇಗಿದೆಯೋ ಹಾಗೇ ಇರಲಿ. ಇನ್ನು ಏನೂ ಕಳಿಸಬೇಡ, ಏನೂ ಬದಲಾಯಿಸಬೇಡ.

ಇಂತಿ,
ಮುರುಗೇಶಪ್ಪ


ಹೊನ್ನಾಳಿ
6-10-2024

ಅಪ್ಪಾಜಿಗೆ ನಮಸ್ಕಾರಗಳು.

ನೀವು ಚೆನ್ನಾಗಿದೆ ಅಂದಿದ್ದು ಓದಿ ನಿಮ್ಮ ಅಳಿಯಂದಿರಿಗೂ ತೋರಿಸಿದೆ. ಜನ್ಮದಲ್ಲಿ ಮೊದಲ ಸಲ ನಾನು ಕೊಟ್ಟ ಸಾಮಾನನ್ನು ಹೊಗಳಿದ್ದೀರಿ.

ಲಾರಿ ಹಾರನ್ನಿಗೆ ಎದೆ ಹೊಡೆದುಕೊಳ್ಳುತ್ತದೆ ಅಂದಿರಲ್ಲ, ಅದಕ್ಕೊಂದು ದಾರಿ ಸಿಕ್ಕಿದೆ. ಕಂಪನಿ ಮೊನ್ನೆ ಹೊಸ ಸಾಫ್ಟ್‌ವೇರ್ ಬಿಟ್ಟಿದೆ. ನಾನು ಅಂಗಡಿಯಲ್ಲೇ ಕೂತು ಅದರ ಲಾಂಚು ಪೂರ್ತಿ ನೋಡಿದೆ. ನಿನ್ನೆ ಇಲ್ಲಿಂದಲೇ ನಿಮ್ಮದಕ್ಕೆ ಹಾಕಿದ್ದೇನೆ. ನೀವು ಬೇಡ ಅಂದಿದ್ದು ನೆನಪಿದೆ, ಆದರೆ ಇದು ಸಣ್ಣ ಬದಲಾವಣೆ, ನಿಮಗೆ ಗೊತ್ತೂ ಆಗುವುದಿಲ್ಲ. ಇನ್ನು ಮಂಡಿಯ ಗದ್ದಲ ನಿಮ್ಮನ್ನು ಕಾಡುವುದಿಲ್ಲ.

ದಸರಾಕ್ಕೆ ಬರುವುದು ಕಷ್ಟ. ಹಬ್ಬದ ಆಫರ್‌ಗೆ ನಾಲ್ಕು ಹೊಸ ಮಾಡೆಲ್ ಒಟ್ಟಿಗೆ ಬರುತ್ತಿವೆ. ಅಮ್ಮನಿಗೆ ನೀವೇ ಹೇಳಿ.

ನಿಮ್ಮ,
ರಮ್ಯಶ್ರೀ


ಚನ್ನಗಿರಿ
26-10-2024

ಚಿ. ರಮ್ಯಶ್ರೀಗೆ ಆಶೀರ್ವಾದ.

ಮನಸ್ಸು ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಮ್ಮನ ಮುಂದೆ ಹೇಳಿದರೆ ಅವಳು ಸಾವಂತ್ರಮ್ಮನ ಪರ ಮಾತಾಡುತ್ತಾಳೆ.

ಸಾವಂತ್ರಮ್ಮ ಕೆಲಸ ಬಿಟ್ಟು ಹೋದಳು. ಹೋಗಲಿ. ಹದಿನೈದು ದಿನದಿಂದ ಅವಳ ಕಣದಿಂದ ಬಂದದ್ದೆಲ್ಲ ಹಸಿ. ಮುಷ್ಟಿ ಎತ್ತಿ ಅಲ್ಲಾಡಿಸಿದರೆ ಸದ್ದೇ ಇಲ್ಲ. ಮೊದಲ ಸಲ ಸುಮ್ಮನೆ ವಾಪಸ್ ಕಳಿಸಿದೆ. ಎರಡನೇ ಸಲ ಬುದ್ಧಿ ಹೇಳಿದೆ. ಮೂರನೇ ಸಲ ಬೈದೆ. ಅವಳು ಮತ್ತೆ ಮತ್ತೆ ಬಿಸಿಲಿಗೆ ಹರಡಿದಳು, ಮತ್ತೂ ಹಸಿ! ನಾಲ್ಕನೇ ಸಲ ಅಡಿಕೆ ಸೀಳು ಬಿಟ್ಟು, ಬಣ್ಣ ಹೋಗಿ, ತೂಕ ಇಳಿದು ಬಂತು. ಗುರುಬಸವರಾಜ್ ಸಾಹುಕಾರ್ರು ಎಲ್ಲರ ಮುಂದೆ ಅವಳನ್ನು ಕೇಳಿದರು. ಅವಳು ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಕತ್ತರಿಸಿ ನನ್ನ ಮುಂದೆ ಹಿಡಿದಳು, “ನೋಡ್ರಿ ಮುರುಗೇಶಣ್ಣ, ಒಳಗೆ ಎಲ್ಲೈತೆ ಹಸಿ?” ಅಂತ. ನಾನು ನೋಡಲಿಲ್ಲ. ಕತ್ತರಿಸಿ ನೋಡುವುದು ನಿನ್ನೆ ಮೊನ್ನೆ ಬಂದವರ ಕೆಲಸ. ನನ್ನ ಕಿವಿ ಹೇಳಿದ ಮೇಲೆ ಮುಗಿಯಿತು ಅಂದೆ.

“ಹಸಿ ಇರಾದು ಅಡಿಕೆ ಅಲ್ರಿ, ನಿಮ್ಮ ಕಿವಿ” ಅಂದಳು. ಅಷ್ಟು ಜನರ ಮುಂದೆ! ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಕೊಡವಿ ಹೊರಟೇ ಹೋದಳು. ಗೋವಿನಕೋವಿಯಲ್ಲಿ ಮಗಳ ಮನೆಯಲ್ಲಿದ್ದಾಳಂತೆ.

ವಯಸ್ಸಾಯಿತು ಅವಳಿಗೆ. ಕೈಯಲ್ಲಿ ಮೊದಲಿನ ಹದ ಇಲ್ಲ. ನನಗಾದರೆ ಮೆಶೀನಾದರೂ ಇದೆ. ಅಂದ ಹಾಗೆ ಅದು ಈಗ ಬಹಳ ಸುಖವಾಗಿದೆ. ಲಾರಿ ಇಲ್ಲ, ತಗಡಿನ ಸದ್ದಿಲ್ಲ. ಮಂಡಿ ಇಷ್ಟು ಶಾಂತವಾಗಿದ್ದದ್ದನ್ನು ನಾನು ಕಂಡೇ ಇಲ್ಲ.

ಇಂತಿ,
ಮುರುಗೇಶಪ್ಪ


ಹೊನ್ನಾಳಿ
10-11-2024

ಅಪ್ಪಾಜಿಗೆ ನಮಸ್ಕಾರ.

ಅಂಗಡಿಯಲ್ಲಿ ರಶ್ಶಿದೆ, ಎರಡೇ ಮಾತು. ಒಂದು ಕೆಲಸ ಮಾಡಿ. ಚೆನ್ನಾಗಿ ಒಣಗಿದೆ ಅಂತ ನಿಮಗೆ ಖಾತ್ರಿ ಇರುವ ಅಡಿಕೆ, ಹೋದ ವರ್ಷದ್ದಾದರೂ ಸರಿ, ಒಂದು ಮುಷ್ಟಿ ತೆಗೆದುಕೊಳ್ಳಿ. ಮೆಶೀನು ಹಾಕಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ. ಏನು ಕೇಳಿಸಿತು ಅಂತ ಬರೆಯಿರಿ.

ಯಾಕೆ ಅಂತ ಆಮೇಲೆ ಹೇಳುತ್ತೇನೆ.

ರಮ್ಯಶ್ರೀ


ಚನ್ನಗಿರಿ
16-11-2024

ರಮ್ಯಶ್ರೀಗೆ,

ನಮ್ಮ ಮನೆಯ ದೇವರ ಕೋಣೆಯಲ್ಲಿ ಎರಡು ವರ್ಷದಿಂದ ಇರುವ ಅಡಿಕೆ ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ.

ಮಂಡಿಯಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಡ್ರಾಯರು ತೆಗೆದು ಆ ಮೀಟರಿಗೆ ಶೆಲ್ಲು ಹಾಕಿದೆ. ಸಾವಂತ್ರಮ್ಮನ ಕಣದ ಎರಡು ಚೀಲ ಇನ್ನೂ ಮೂಲೆಯಲ್ಲಿದ್ದವು. ಮೀಟರು ಎರಡನ್ನೂ ಒಣಗಿದೆ ಅಂತು.

ಏನು ಮಾಡಿದ್ದೀಯ ನನ್ನ ಕಿವಿಗೆ? ತಿರುಗಿಸದೆ, ಸುತ್ತದೆ, ನೆಟ್ಟಗೆ ಬರೆ.

ಮುರುಗೇಶಪ್ಪ


ಹೊನ್ನಾಳಿ
20-11-2024

ಅಪ್ಪಾಜಿಗೆ,

ನೆಟ್ಟಗೇ ಬರೆಯುತ್ತೇನೆ.

ಈ ತಿಂಗಳ ಮೊದಲ ವಾರ ಸಾವಂತ್ರಮ್ಮ ಅಂಗಡಿಗೆ ಬಂದಿದ್ದಳು. ಗೋವಿನಕೋವಿಯಿಂದ ರೀಚಾರ್ಜಿಗೆ ಅಂತ ಬಂದವಳು ನನ್ನ ಗುರುತು ಹಿಡಿದು ನಿಂತಳು. ಸೆರಗಿನಲ್ಲಿ ಬೆಲ್ಲ ಇರಲಿಲ್ಲ, ಒಂದು ಹಿಡಿ ಅಡಿಕೆ ಇತ್ತು. ಗಾಜಿನ ಕೌಂಟರ್ ಮೇಲೆ ಸುರಿದಳು. ಅಷ್ಟೂ ಫೋನುಗಳ ನಡುವೆ ಅವು ಕಣಕಣ ಉರುಳಿದವು. “ನಿಮ್ಮಪ್ಪ ಇದನ್ನ ಹಸಿ ಅಂತಾರವ್ವ. ನೀನು ಓದಿದಾಕಿ, ಕಿವಿ ನೆಟ್ಟಗೈತೆ. ನೀನು ಹೇಳು. ನೀನು ಹಸಿ ಅಂದ್ರೆ ನಾನು ಸುಮ್ನೆ ಮನಿಗೆ ಹೋಗ್ತೀನಿ” ಅಂದಳು. ಅಳಲಿಲ್ಲ ಅಪ್ಪಾಜಿ. ಅತ್ತಿದ್ದರೆ ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಅವಳು ಹೋದ ಮೇಲೆ ಕಂಪನಿಗೆ ಫೋನು ಮಾಡಿದೆ. ಮೂರು ಸಲ ಕಟ್ ಆಗಿ ನಾಲ್ಕನೇ ಸಲ ಒಬ್ಬ ಸಿಕ್ಕ. ನಾನು ಹಾಕಿದ ಆ ಹೊಸ ಸಾಫ್ಟ್‌ವೇರ್ ಮನುಷ್ಯರ ಮಾತನ್ನು ಮಾತ್ರ ಕಿವಿಗೆ ಬಿಡುತ್ತದಂತೆ. ತಟ್ಟೆ ಲೋಟದ ಸದ್ದು, ಬೀಗದ ಕೈ ಗೊಂಚಲಿನ ಸದ್ದು, ಇಂಥ ಕಟಕಟ ಅನ್ನುವುದನ್ನೆಲ್ಲ ಗದ್ದಲ ಅಂತ ತಿಳಿದು ಅಳಿಸಿಬಿಡುತ್ತದಂತೆ. ಅಡಿಕೆ ಅಲ್ಲಾಡಿಸಿದರೆ ಅಂತ ಕೇಳಿದೆ. “ಅದೂ ನಾಯ್ಸೇ ಅಲ್ವಾ ಮೇಡಂ” ಅಂದ.

ನೀವು ಬದಲಾಯಿಸಬೇಡ ಅಂತ ಬರೆದಿದ್ದಿರಿ. ನಾನು ಬದಲಾಯಿಸಿದೆ. ಎಲ್ಲರಿಗಿಂತ ಮೊದಲು ನಮ್ಮಪ್ಪನ ಕಿವಿಗೆ ಹೊಸದು ಬರಬೇಕು ಅನ್ನುವ ಹುಚ್ಚು. ಗೊತ್ತಾದ ಮೇಲೂ ಹೇಳುವ ಧೈರ್ಯ ಸಾಲದೆ ಆ ಪರೀಕ್ಷೆಯ ಕಾಗದ ಬರೆದೆ.

ಅದನ್ನು ತೆಗೆದುಹಾಕಲು ನನ್ನ ಫೋನಿನಲ್ಲಿ ಒಂದು ಸಲ ಒತ್ತಿದರೆ ಸಾಕು. ಆದರೆ ಈ ಸಲ ನಿಮ್ಮನ್ನು ಕೇಳದೆ ಮುಟ್ಟುವುದಿಲ್ಲ. ನೀವು ಹೂಂ ಅಂತ ಬರೆಯಿರಿ, ಆಗ ತೆಗೆಯುತ್ತೇನೆ.

ರಮ್ಯಶ್ರೀ


ಹೊನ್ನಾಳಿ
9-12-2024

ಅಪ್ಪಾಜಿ,

ಹತ್ತೊಂಬತ್ತು ದಿನ ಆಯಿತು. ಅಮ್ಮನಿಗೆ ಫೋನು ಮಾಡಿದರೆ “ಅವರು ಯಾರ ಹತ್ರಾನೂ ಮಾತಾಡವಲ್ರು, ಉಣ್ಣಾದು ಉಣ್ತಾರೆ, ಮಂಡಿಗೆ ಹೋಗ್ತಾರೆ” ಅಂತಾಳೆ. ಬೈದಾದರೂ ಬರೆಯಿರಿ. ಮೆಶೀನನ್ನು ತೆಗೆದಿಟ್ಟಿದ್ದೀರಾ, ಹಾಕಿಕೊಂಡಿದ್ದೀರಾ, ಅದನ್ನಾದರೂ ತಿಳಿಸಿ.

ರಮ್ಯಶ್ರೀ


ಚನ್ನಗಿರಿ
18-12-2024

ಚಿ. ರಮ್ಯಶ್ರೀಗೆ ಆಶೀರ್ವಾದ.

ನಿನ್ನ ಎರಡೂ ಕಾಗದ ಸೇರಿವೆ. ಮೊದಲ ನಾಲ್ಕು ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ಕಂಪನಿಯ ಮೇಲೆ. ಆಮೇಲೆ ಲೆಕ್ಕ ಹಾಕಿದರೆ ಇನ್ನು ಉಳಿದವನು ನಾನೊಬ್ಬನೇ.

ನೀನು ಫೋನಿನಲ್ಲಿ ಒಂದು ಸಲ ಬೆರಳು ಒತ್ತಿದೆ, ಅಷ್ಟೇ. ಅವಳು ಕತ್ತರಿಸಿದ ಹೋಳನ್ನು ನನ್ನ ಕಣ್ಣ ಮುಂದೆ ಹಿಡಿದಿದ್ದಳು. ನನ್ನ ಕಣ್ಣಿಗೆ ಯಾವ ಮೆಶೀನೂ ಇರಲಿಲ್ಲ. ಇಪ್ಪತ್ತು ವರ್ಷ ನೋಡಿದ ಹೆಂಗಸಿನ ಕೈಯನ್ನು ಬಿಟ್ಟು ಕಿವಿಯಲ್ಲಿದ್ದ ಎರಡು ತಿಂಗಳ ಹುಣಸೆ ಬೀಜವನ್ನು ನಂಬಿದೆ. ಇದಕ್ಕೆ ನನಗೆ ಬಹಳ ನಾಚಿಕೆಯಾಗಿದೆ.

ಗುರುಬಸವರಾಜ್ ಸಾಹುಕಾರ್ರಿಗೆ ಹೇಳಿದೆ. ಒಳಗೆ ಕರೆದು ಗುಟ್ಟಾಗಿ ಅಲ್ಲ, ಸಾವಂತ್ರಮ್ಮನನ್ನು ಎಲ್ಲಿ ನಿಲ್ಲಿಸಿ ಕೇಳಿದ್ದರೋ ಅಲ್ಲೇ ನಿಂತು, ಹಮಾಲರು, ಕಣದ ಹೆಂಗಸರು ಎಲ್ಲ ಇದ್ದಾಗ ಹೇಳಿದೆ. ಅಡಿಕೆ ಒಣಗಿತ್ತು, ನನಗೆ ಕೇಳಿಸಲಿಲ್ಲ, ತಪ್ಪು ನನ್ನದು ಅಂತ. ಸಾಹುಕಾರ್ರು “ಹಂಗಾದ್ರೆ ಇನ್ಮ್ಯಾಲೆ ಯಾರನ್ನ ಕೇಳಾದ್ರಿ?” ಅಂದರು. ಮೂವತ್ತೊಂದು ವರ್ಷದಿಂದ ನಾನು ಹೆದರಿದ್ದು ಈ ಪ್ರಶ್ನೆಗೇ. ಅವಳನ್ನೇ ಕೇಳಿ ಅಂದೆ. ಮೊದಲು ಹೋಗಿ ಕರೆದುಕೊಂಡು ಬನ್ನಿ ಅಂದರು.

ಹನ್ನೊಂದು ದಿನ ಸಂಕೋಚದಲ್ಲೇ ಕಳೆಯಿತು. ಮೊನ್ನೆ ಎಲೆ, ಬಾಳೆಹಣ್ಣು ತೆಗೆದುಕೊಂಡು ಗೋವಿನಕೋವಿಗೆ ಹೋದೆ. ಅಡಿಕೆ ಒಯ್ಯಲಿಲ್ಲ, ಅವಳಿಗೆ ಅಡಿಕೆ ಒಯ್ಯುವ ಮುಖ ಇರಲಿಲ್ಲ. ಹೊನ್ನಾಳಿಯ ಮೇಲೆಯೇ ಹೋದೆ. ಬಸ್ಸಿನ ಕಿಟಕಿಯಿಂದ ನಿನ್ನ ಅಂಗಡಿ ಕಂಡಿತು, ಇಳಿಯಲಿಲ್ಲ. ಮೊದಲು ಸಾವಂತ್ರಮ್ಮನ ಹತ್ತಿರ ಹೋಗಬೇಕಿತ್ತು. ಬರುವಾಗ ಇಳಿದೆ. ಅಂಗಡಿ ಮುಂದೆ ಬಲೂನು ಕಟ್ಟಿದ್ದರು, ನೀನು ಕೇಕು ಕತ್ತರಿಸುತ್ತಿದ್ದೆ. ಇನ್ನೊಂದು ಹೊಸದು ಬಂತು ಅಂತ ಗೊತ್ತಾಯಿತು. ಹೆದರಿ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬಸ್ಸು ಹತ್ತಿದೆ. ನೀನು ಸ್ವಲ್ಪ ಇಳಿದುಹೋಗಿದ್ದೀಯ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಸಾವಂತ್ರಮ್ಮ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು, ಆಮೇಲೆ ಶುರು ಮಾಡಿದಳು. “ಇಪ್ಪತ್ತು ವರ್ಷ ಆ ಕಣದಾಗೆ ಅಂಗಾಲು ಸುಟ್ಕಂಡೀನಿ ಮುರುಗೇಶಣ್ಣ. ನನ್ನ ಮಗಳ ಬಾಣಂತನಕ್ಕೂ ಒಂಬತ್ತೇ ದಿನ ರಜಾ ಹಾಕಿದ್ದೆ. ಒಂದು ಹೋಳು ನೋಡ್ರಿ ಅಂದ್ರೆ ಮಕ ತಿರುವಿದ್ರಲ್ಲ, ನಾನೇನು ನಿಮ್ಮ ಆಸ್ತಿ ಕೇಳಿದ್ನಾ? ನಿಮ್ಮ ಕಿವಿ ಹೋದ್ರೆ ಹೋಗ್ಲಿ, ಯಾರ್ದೂ ಉಳಿಯಾಕಿಲ್ಲ. ಮರ್ಯಾದೆ ಯಾಕ್ರಿ ತೆಗೆದ್ರಿ?” ಹೀಗೆ ಅರ್ಧ ಗಂಟೆ. ಅವಳ ಮಗಳು ನಡುವೆ ಬಂದು “ಸಾಕು ಬಿಡವ್ವ, ಹಿರೇರು” ಅಂದಳು. ನಾನೇ ತಡೆದೆ, ಮಾತಾಡಲಿ ಬಿಡವ್ವ ಅಂದೆ.

ಸಂಕ್ರಾಂತಿ ಮುಗಿಸಿ ಬರುತ್ತಾಳೆ. ಒಂದು ಕರಾರು ಹಾಕಿದ್ದಾಳೆ. ಮುಷ್ಟಿ ಅವಳು ಮೊದಲು ಅಲ್ಲಾಡಿಸಬೇಕು, ಆಮೇಲೆ ನಾನು. ಇಬ್ಬರೂ ಹೂಂ ಅಂದರೆ ಚೀಲಕ್ಕೆ. ಇಬ್ಬರಿಗೂ ಹೊಂದಲಿಲ್ಲ ಅಂದರೆ ಕತ್ತರಿಸಿ ನೋಡುವುದು, ಮಕ ತಿರುಗಿಸುವ ಹಾಗಿಲ್ಲ. ಒಪ್ಪಿದ್ದೇನೆ.

ಮೆಶೀನು ಹಾಕಿಕೊಂಡಿದ್ದೀರಾ ಅಂತ ಕೇಳಿದೆಯಲ್ಲ. ಹಾಕಿಕೊಂಡೇ ಇದ್ದೇನೆ. ನೀನು ಹೂಂ ಅನ್ನಿ ಅಂದರೂ ನಾನು ಬೇಕೆಂದೇ ಅನ್ನಲಿಲ್ಲ. ಅದು ಮನುಷ್ಯರ ಮಾತನ್ನು ಮಾತ್ರ ಕಿವಿಗೆ ಬಿಡುತ್ತದೆ ಅಂತ ನೀನು ಬರೆದಿದ್ದೆ. ಆ ಕಟ್ಟೆಯ ಪಕ್ಕದಲ್ಲೇ ಟ್ರ್ಯಾಕ್ಟರು ನಿಂತು ಗುಡುಗುತ್ತಿತ್ತಂತೆ, ನನಗೆ ಗೊತ್ತೇ ಆಗಲಿಲ್ಲ. ಸಾವಂತ್ರಮ್ಮ ಬೈದದ್ದರಲ್ಲಿ ಒಂದು ಅಕ್ಷರವೂ ತಪ್ಪಿಹೋಗಲಿಲ್ಲ. ಅದನ್ನು ನಾನು ಪೂರ್ತಿ ಕೇಳಿಸಿಕೊಳ್ಳಬೇಕಿತ್ತು.

ಈಗ ಕೇಳಿಸಿಕೊಂಡಾಯಿತು. ಹೂಂ, ತೆಗೆದುಬಿಡು.

ಇಂತಿ ನಿನ್ನ ಅಪ್ಪ,
ಮುರುಗೇಶಪ್ಪ